ಹಸಿಕೂದಲ ದೂರದ ಕೋಣೆ

ಎರಡನೇ ಮೇ ತಿಂಗಳ ಹನ್ನೊಂದು, 2214

ನನ್ನ ಮುತ್ತಜ್ಜಿಯ ಮುತ್ತಜ್ಜಿ ಸುಗಂಧಿಯವರಿಗೆ, ಗುಲಾಬಿ ಶೇರಿಗಾರ್ ಮಾಡುವ ನಮಸ್ಕಾರ.

ತಾರೀಕು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಬೇಸಿಗೆ ಮುಗಿಯುವುದೇ ಇಲ್ಲ ಅಂತಾದ ಮೇಲೆ ನಮ್ಮವರು ಮೇ ತಿಂಗಳನ್ನೇ ಎರಡು ಮಾಡಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಪ್ರವಾಸದ ನೋಟ್‌ಬುಕ್ಕಿನಿಂದ. ನಿಮಗೀಗ ಐವತ್ತೆರಡು, ನನಗೆ ಅರವತ್ತೇಳು. ಆದರೂ ಹಿರಿಯರು ನೀವೇ, ಆದ್ದರಿಂದ ಬೈಯುವುದನ್ನು ಮೆತ್ತಗೆ ಬೈಯುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಹೋಗುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. “ಎಲ್ಲರೂ ‘ಜಾಗ ತಗೊಳ್ಳಿ’, ‘ಯುದ್ಧ ಬರುತ್ತೆ’ ಅಂತ ಬರೀತಾರೆ. ನೀವೇನಮ್ಮಾ, ರೂಮು ಹಿಡಿಯೋದರ ಬಗ್ಗೆ?” ಅಂತ ಕೌಂಟರಿನಾಕೆ ನಕ್ಕಳು. ನಗಲಿ. ರೂಮಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ವಾರ ನೀವು ಹೊರಟಿರುವ ಹಿಮಾಲಯದ ಆ ಬಿಸಿನೀರಿನ ಕಣಿವೆಯಲ್ಲೇ ನನ್ನ ವಸತಿಗೃಹ ಇರುವುದು. ಕಂಬಳಿ ಒಗೆಯಲು ಸೇರಿದವಳು, ಈಗ ನಲವತ್ತು ಹಾಸಿಗೆಗೆ ಯಜಮಾನಿ.

ನಮ್ಮ ಕಾಲದಲ್ಲಿ ವಸತಿಗೆ ನಕ್ಷತ್ರ ಕೊಡುವುದಿಲ್ಲ, ಹಸಿಕೂದಲ ದೂರ ಅಳೆಯುತ್ತೇವೆ. ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಹೊರಟವರ ತಲೆಕೂದಲು ತಣ್ಣಗಾಗುವ ಮೊದಲು ಕೋಣೆ ಸಿಗಬೇಕು. ಅದಕ್ಕಿಂತ ದೂರವಾದರೆ ಶೀತ. ತೀರಾ ಪಕ್ಕದಲ್ಲಿದ್ದರೂ ತಾಪತ್ರಯ: ಹಬೆಗೆ ಕಂಬಳಿ ಒಣಗುವುದಿಲ್ಲ, ಗಂಧಕದ ವಾಸನೆ ಅನ್ನಕ್ಕೂ ಹತ್ತುತ್ತದೆ, ಚಾರಣದ ಬೂಟು ಬೆಳಿಗ್ಗೆಗೂ ಒದ್ದೆ. ಮುನ್ನೂರು ಹೆಜ್ಜೆ ಸರಿಯಾದ ಅಳತೆ. ಬೆಟ್ಟದ ದಾರಿ ಹಿತ್ತಲಿಂದಲೇ ಹತ್ತುವಂತಿದ್ದರೆ ಇನ್ನೂ ಒಳ್ಳೆಯದು. ಜೀಪಿಗೆ ಕಾಯುತ್ತ ಕೂತವರಿಗೆ ಶಿಖರ ಕಾಣುವುದಿಲ್ಲ, ಮೋಡ ಕಾಣುತ್ತದೆ. ಫೋಟೋ ನಂಬಬೇಡಿ. ಕಿಟಕಿಯಿಂದ ಹಿಮ ಕಾಣುತ್ತದೆ ಅನ್ನುವ ಫೋಟೋ ತೆಗೆದವನು ಎಲ್ಲಿ ನಿಂತಿದ್ದ ಅಂತ ಕೇಳಿ. ನೂರಕ್ಕೆ ತೊಂಬತ್ತು ಸಲ ತಾರಸಿಯ ಮೇಲೆ.

ನೀವು ಆರಿಸಿಕೊಂಡದ್ದು ಹೊಳೆಯ ಈಚೆ ದಡದ ಹೋಟೆಲು. ಕೋಣೆಯೊಳಗೇ ತೊಟ್ಟಿ, ಬುಗ್ಗೆಯ ನೀರು ಪೈಪಿನಲ್ಲಿ. ನಿಮಗಿದು ಮುಂದಿನ ವಾರ, ನನಗೆ ನೋಟ್‌ಬುಕ್ಕಿನಲ್ಲಿ ಓದಿದ ಪುಟ: “ಯಾರ ಕಾಟವೂ ಇಲ್ಲ” ಅಂತ ಸಂತೋಷದಿಂದ ಬರೆದಿದ್ದೀರಿ. ಮೂರು ದಿನ ಒಬ್ಬರೇ ತೊಟ್ಟಿಯಲ್ಲಿ ಮೊಣಕಾಲು ನೆನೆಹಾಕಿದಿರಿ. ಹೊರಡುವ ದಿನ ಚಹಾದಂಗಡಿಯವನು, “ನಿಮ್ಮದೇ ಮೂಗಿನವರು ಒಬ್ಬರು ಆಚೆ ದಡದ ಧರ್ಮಶಾಲೆಯಲ್ಲಿದ್ದರಲ್ಲ, ಅಕ್ಕನೋ ತಂಗಿಯೋ? ದಿನಾ ಸಂಜೆ ಬುಗ್ಗೆಯ ಕೊಳದ ಕೊನೆಯ ಮೆಟ್ಟಿಲಲ್ಲಿ ಕೂತಿರೋರು. ನಿನ್ನೆ ಹೋದರು” ಅಂದ.

ಅದು ನಿಮ್ಮ ತಂಗಿ ವಾಸಂತಿ. ಅಮ್ಮನ ಹೊಲಿಗೆ ಮೆಷಿನ್ ಯಾರಿಗೆ ಅನ್ನುವ ಜಗಳದಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟವರು ನೀವಿಬ್ಬರು. ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡರು. ಆಮೇಲಿನ ನಿಮ್ಮ ಪುಟಗಳಲ್ಲಿ ಬರೀ ಆ ಕಣಿವೆಯೇ. ವರ್ಷವರ್ಷವೂ ಹೋಗಿ ಆ ಮೆಟ್ಟಿಲಲ್ಲಿ ಕೂತು ಬಂದಿರಿ. ನಿಮ್ಮನ್ನು ಕರೆದುಕೊಂಡು ಹೋಗಿ ಬಂದು ಸಾಕಾದ ಮಗಳು ಅಲ್ಲೇ ಒಂದು ಹೋಟೆಲು ಹಾಕಿದಳು. ಹೋಟೆಲು ಹೊಳೆಯ ಪಾಲಾಯಿತು, ನಾವು ಅಲ್ಲೇ ಉಳಿದೆವು.

ಅಂದರೆ ನೀವು ಸರಿಯಾದ ಕೋಣೆ ಹಿಡಿದರೆ ನನ್ನ ನಲವತ್ತು ಹಾಸಿಗೆ ಇರಲಿಕ್ಕಿಲ್ಲ. ಎರಡೂ ಕಡೆ ತೂಗಿ ನೋಡಿದ್ದೇನೆ. ಹುಟ್ಟುವುದೊಂದು ಆದರೆ ಸಾಕು, ಕಂಬಳಿ ಒಗೆಯಲು ಬರುತ್ತದೆ. ಎಲ್ಲಿದ್ದರೂ ಮೇಲೆ ಬರುತ್ತೇನೆ.

ಆದ್ದರಿಂದ ಧರ್ಮಶಾಲೆಯಲ್ಲಿ ಇಳಿದುಕೊಳ್ಳಿ. ಕೋಣೆಯಲ್ಲಿ ತೊಟ್ಟಿ ಇಲ್ಲ, ಬಕೆಟ್ಟಿಗೆ ಹಿಡಿಕೆಯೂ ಇಲ್ಲ. ಬುಗ್ಗೆಗೆ ಮುನ್ನೂರ ಹತ್ತು ಹೆಜ್ಜೆ. ಹಗಲು ಬೆಟ್ಟ ಹತ್ತಿ. ಮೊಣಕಾಲು ಮೊದಲ ತಿರುವಿನವರೆಗೆ ಒಪ್ಪಿದರೂ ಸಾಕು. ಹೆಂಗಸರ ಕೊಳದಲ್ಲಿ ನಿಮ್ಮ ಕಾಲದಿಂದಲೂ ಒಂದು ಪದ್ಧತಿ ಇದೆ, ನಾವದನ್ನು ಬೆನ್ನುಸರದಿ ಅನ್ನುತ್ತೇವೆ. ಪಕ್ಕದಲ್ಲಿ ಕೂತವರು ಹೆಸರು ಕೇಳದೆ ಬೆನ್ನು ತಿರುಗಿಸುತ್ತಾರೆ, ನೀವು ಉಜ್ಜಿಕೊಡಬೇಕು. ಸಂಜೆ ಕೊನೆಯ ಮೆಟ್ಟಿಲಿಗೆ ಹೋಗಿ ಕೂತುಕೊಳ್ಳಿ. ಒಂದು ಬೆನ್ನು ನಿಮ್ಮ ಕಡೆ ತಿರುಗುತ್ತದೆ. ಎಡ ಹೆಗಲ ಕೆಳಗೆ, ಚಿಕ್ಕಂದಿನಲ್ಲಿ ನಿಮ್ಮ ಕೈಜಾರಿ ಬಿದ್ದ ಬಿಸಿ ಗಂಜಿಯ ಕಲೆ ಇರುತ್ತದೆ.

ಅಲ್ಲಿ ಮೆತ್ತಗೆ ಉಜ್ಜಿ.