ನವಲೂರು ಏರಿನ ಹಿಂಗಾಳಿ ನಿಂತ ಬಗೆ

ಧಾರವಾಡ
ಫೆಬ್ರವರಿ ಮೂವತ್ತು, 2191

ಒಂದೂವರೆ ಶತಮಾನದ ಹಿಂದೆ ಸೈಕಲ್ಲಿಗೆ ದಾರಿ ಕೇಳುತ್ತ ರಸ್ತೆಯ ಅಂಚಿನಲ್ಲಿ ಫಲಕ ಹಿಡಿದು ನಿಂತಿರುವ ಸೈಕಲ್ ಸಂಘದ ಹಿರಿಯರಿಗೆ, ಅದೇ ಸಂಘದ ಈಗಿನ ಕಾರ್ಯದರ್ಶಿ ನೀಲಗಂಗಾ ಮುಳಗುಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಹುಬ್ಬೇರಿಸಬೇಡಿ. ಫೆಬ್ರವರಿಗೆ ಬಹುಕಾಲದಿಂದ ಆಗಿದ್ದ ಅನ್ಯಾಯವನ್ನು ನನ್ನ ತಂದೆಯ ಕಾಲದಲ್ಲಿ ಸರಿಪಡಿಸಿದರು. ಆಗಸ್ಟ್ ಮೂವತ್ತೊಂದರಂದು ಹುಟ್ಟಿದವರು ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ 'ಟ್ರಾಫಿಕ್ ಜಾಮ್' ಎಂಬ ಮಾತು ನಮಗೂ ತಿಳಿಯುವುದಿಲ್ಲ. ಜಾಮನ್ನು ನಾವು ಚಪಾತಿಗೆ ಹಚ್ಚುತ್ತೇವೆ.

ಮೊದಲು ಸಂತೋಷದ ಸುದ್ದಿ. ನೀವು ಕೇಳಿದ್ದೆಲ್ಲ ನಮಗೆ ಸಿಕ್ಕಿದೆ. ಹುಬ್ಬಳ್ಳಿ-ಧಾರವಾಡದ ನಡುವಿನ ರಸ್ತೆ ಪೂರ್ತಿ ಸೈಕಲ್ಲಿನದು. ಡಾಕ್ಟರು ಸೈಕಲ್ಲಿನಲ್ಲಿ ಬರುತ್ತಾರೆ, ಬದನೆಕಾಯಿ ಸೈಕಲ್ಲಿನಲ್ಲಿ ಬರುತ್ತದೆ, ಮದುವೆಯ ದಿಬ್ಬಣವೂ ಸಾಲು ಪೆಡಲುಗಳ ಉದ್ದನೆಯ ಬಂಡಿಯಲ್ಲಿ ಹೋಗುತ್ತದೆ. ಬೀಗರು ತುಳಿಯುವುದಿಲ್ಲ, ತುಳಿದಂತೆ ಮಾಡುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಸೌಲಭ್ಯವೆಂದರೆ ಹಿಂಗಾಳಿ. ನವಲೂರಿನ ಏರು ಹತ್ತುವವರ ಬೆನ್ನಿಗೆ ಗಾಳಿ ಬೀಸಲೆಂದು ರಸ್ತೆಯುದ್ದಕ್ಕೂ ನಿಲ್ಲಿಸಿರುವ ಮನೆ ಎತ್ತರದ ಫ್ಯಾನುಗಳಿಗೆ ಹಾಗೆನ್ನುತ್ತೇವೆ. ಅವು ತಿರುಗತೊಡಗಿದರೆ ಮುದುಕರೂ ಕಾಲಾಡಿಸದೆ ಮೇಲೇರುತ್ತಾರೆ. ರುಮಾಲು, ಸೆರಗು, ಮದುವೆಯ ಕರೆಯೋಲೆ ಎಲ್ಲವೂ ಅವರಿಗಿಂತ ಮುಂಚೆ ತಲುಪಿರುತ್ತವೆ.

ಹೀಗೆ ಎಲ್ಲ ಸಿಕ್ಕಿದ ಮೇಲೆ ಸಂಘಕ್ಕೆ ಕೆಲಸ ಉಳಿಯಲಿಲ್ಲ. ಪೆಡಲಿಗೆ ಕಾಲು ನಿಲುಕಿದವರೆಲ್ಲ ಸದಸ್ಯರೇ. ಆದರೆ ಸಭೆಗೆ ಬರುವವರು ಕೊನೆಗೆ ತಿನ್ನಲು ಕೊಡುವ ಗಿರಮಿಟ್ಟು-ಮಿರ್ಚಿಗಾಗಿ ಬರುತ್ತಿದ್ದರು. ಹೋದ ಮಳೆಗಾಲವೆಲ್ಲ ನಾವು ಗಂಟೆಯ ಸದ್ದು 'ಟ್ರಿಣ್' ಎನ್ನಬೇಕೋ 'ಟ್ರಿಂಗ್' ಎನ್ನಬೇಕೋ ಎಂದು ಚರ್ಚಿಸಿ, ಉಪಸಮಿತಿ ಮಾಡಿದೆವು. ಆ ಉಪಸಮಿತಿಯೂ ಒಡೆದು ಎರಡಾಯಿತು.

ಅಂಥ ಒಂದು ಸಭೆಗೆ ಅಕ್ಕನಾಗವ್ವ ಯಲಿಗಾರ ಬಂದರು. ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಗರಡಿ ಅವರದು. ಭಾರಿ ಆಳು, ಬಿಳಿಗೂದಲು, ಎಡಗಾಲು ಬಾಗದೆ ದೊಣ್ಣೆಯಂತೆ ಸೆಟೆದಿರುತ್ತದೆ. ಸದಸ್ಯರಾಗಬೇಕು ಎಂದರು. ಪದ್ಧತಿಯಂತೆ ನಾನು ಅವರ ಸೈಕಲ್ ಎಲ್ಲಿದೆ ಎಂದು ಕೇಳಿದೆ.

"ಸೈಕಲ್ ಇಲ್ಲವ್ವಾ. ಎರಡು ಕಾಲ ಅದಾವ. ಅದರಾಗೂ ಒಂದು ಬಾಗೂದಿಲ್ಲ."

ಹಾಗಾದರೆ ಸೈಕಲ್ ಸಂಘ ಯಾಕೆ ಎಂದರೆ, "ರಸ್ತಾ ಬೇಕಂತ ಹೆಂಗ ಕೇಳಬೇಕು ಅನ್ನೂದು ಈ ಊರಾಗ ನಿಮಗ ಗೊತ್ತೈತಿ. ನನಗೂ ಕಲಿಸ್ರಿ" ಎಂದರು. ಯಾರನ್ನು ಕೇಳಬೇಕಾಗಿದೆ ಎಂದೆ. "ನಿಮ್ಮನ್ನ" ಎಂದರು.

ಅವರ ತಕರಾರು ಇಷ್ಟು. ಮನೆ ರಸ್ತೆಯ ಈಚೆ, ಗರಡಿ ಆಚೆ, ಎರಡೂ ನವಲೂರು ಏರಿನ ನೆತ್ತಿಯ ಹತ್ತಿರ. ಹಿಂಗಾಳಿ ನೂಕಿಕೊಂಡು ಬಂದ ಸೈಕಲ್ಲುಗಳು ಅಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕೆಂದರೂ ಆಗದು. ಮೊದಲು ಒಂದು ಕಾಲುಸೇತುವೆ ಇತ್ತು. ಅದರ ಕಂಬಗಳು ಸೈಕಲ್ಲಿಗೆ ಅಡ್ಡವೆಂದು ಅರ್ಜಿ ಕೊಟ್ಟು ಕೆಡವಿಸಿದ್ದು ನಮ್ಮ ಸಂಘವೇ. ಸೇತುವೆ ಬಿದ್ದ ಮೇಲೆ ಅವರು ಗರಡಿಗೆ ಹೋದ ದಿನಗಳಿಗಿಂತ ಹೋಗಲಾರದೆ ಮನೆಗೆ ಮರಳಿದ ದಿನಗಳೇ ಹೆಚ್ಚು. ಕಲಿಯುವ ಹುಡುಗಿಯರು ಒಬ್ಬೊಬ್ಬರಾಗಿ ಬಿಡತೊಡಗಿದ್ದರು.

ಅಧ್ಯಕ್ಷ ವಿರೂಪಾಕ್ಷಗೌಡ ಹಂಚಿನಾಳರ ಮುಖ ಕೆಂಪಾಯಿತು. ಹಿಂಗಾಳಿ ಅವರ ಜೀವಮಾನದ ಕೆಲಸ. ಹರೆಯದಲ್ಲಿ ಸೈಕಲ್ಲಿಗೆ ಟೇಬಲ್ ಫ್ಯಾನ್ ಕಟ್ಟಿಕೊಂಡು ಪಾಲಿಕೆಯ ಎದುರು ಸುತ್ತುತ್ತಿದ್ದವರು ಅವರು. ಹೆಣ್ಣು ಕೊಡಲು ಬಂದವರು ಫ್ಯಾನು ಕಂಡು ಹಿಂದಿರುಗಿದ್ದೂ ಉಂಟಂತೆ. ಅಂಥ ಗಾಳಿಯನ್ನು ಒಬ್ಬರ ಕಾಲಿಗಾಗಿ ನಿಲ್ಲಿಸುವುದಾದರೆ ತಾವು ರಾಜೀನಾಮೆ ಕೊಡುವುದಾಗಿ ಹೇಳಿ ಕುಳಿತರು. ಸಂಘ ಒಡೆಯುವ ಹಾಗೆ ಕಂಡಿತು. ನಾನು ಸಮಯ ತಳ್ಳಲೆಂದು, ಕಾರ್ಯಕಾರಿ ಸಮಿತಿ ನಾಳೆ ಆ ರಸ್ತೆಯನ್ನು ಒಮ್ಮೆ ನಡೆದು ದಾಟಿ ನೋಡಲಿ ಎಂದೆ. ಗೌಡರು ಅದೇನು ದೊಡ್ಡ ಕೆಲಸ ಎಂದು ಒಪ್ಪಿದರು.

ಮಾರನೆಯ ಬೆಳಿಗ್ಗೆ ಅಕ್ಕನಾಗವ್ವನೊಡನೆ ಎಲ್ಲರೂ ಏರಿನ ನೆತ್ತಿಯಲ್ಲಿ ಸೇರಿದೆವು. ನಡೆದು ಅಭ್ಯಾಸವಿಲ್ಲದ ಖಜಾಂಚಿ ಅಷ್ಟರಲ್ಲೇ ಒಂದು ಕಟ್ಟೆ ಹುಡುಕಿ ಕುಳಿತಿದ್ದರು. ಇನ್ನೊಬ್ಬರು ನಡೆದು ಬರುವಾಗಲೂ ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದರು. ಆಚೆ ಬದಿಯಲ್ಲಿ ಗರಡಿಯ ಹುಡುಗಿಯರು ಮೈಗೆ ಕೆಮ್ಮಣ್ಣು ಮೆತ್ತಿಕೊಂಡು ಗುರುವಿಗಾಗಿ ಕಾಯುತ್ತಿದ್ದರು. ನಡುವೆ ಸೈಕಲ್ಲುಗಳು ಬಾಣಲೆಯ ಅರಳಿನಂತೆ ಸಿಡಿದು ಸಿಡಿದು ಹೋಗುತ್ತಿದ್ದವು. ಗೌಡರು ನಿಲ್ಲಿರೆಂದು ಕೈ ಎತ್ತಿದರು. ಅಧ್ಯಕ್ಷರು ತಮಗೆ ಕೈ ಬೀಸಿದರೆಂದು ಜನ ಹಿಗ್ಗಿ ತಾವೂ ಬೀಸಿ ಮುಂದೆ ಹೋದರು. ಅಷ್ಟರಲ್ಲಿ ಗೌಡರ ಮನೆಯವರು, ಶಿವಲಿಂಗವ್ವನವರು, ತಂಗಿಯ ಮನೆಗೆಂದು ಸೈಕಲ್ಲಿಗೆ ರೊಟ್ಟಿ ಬುಟ್ಟಿ ಹೇರಿಕೊಂಡು ಬಂದರು. ಗೌಡರು ಹೆಸರು ಹಿಡಿದು ಕೂಗಿದರು. "ಬಾಜೂಕ್ ಸರೀರಿ" ಎಂದು ಗಂಟೆ ಹೊಡೆದು ಅವರು ದಾಟಿಹೋದರು. ಬಹಳ ದೂರ ಹೋದ ಮೇಲೆ ಯಾರೆಂದು ಹೊಳೆದಿರಬೇಕು, ಊಟಕ್ಕೆ ಬೇಗ ಬರಲು ಹೇಳಿದ್ದು ಗಾಳಿಯಲ್ಲಿ ಅರೆಬರೆ ಕೇಳಿಸಿತು.

ಗೌಡರಿಗೆ ರೋಷ ಬಂದು ರಸ್ತೆಗೆ ಕಾಲಿಟ್ಟೇಬಿಟ್ಟರು. ಕುಂಬಳಕಾಯಿ ತುಂಬಿದ ಹೇರುಸೈಕಲ್ಲೊಂದು ನೇರ ಅವರ ಮೇಲೆಯೇ ಬಂತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಗೌಡರು ಅಕ್ಕನಾಗವ್ವನ ಎರಡು ಕೈಗಳ ನಡುವೆ, ನೆಲದಿಂದ ಮೇಲೆ ಇದ್ದರು. ಅವರು ತೂಕದ ಮನುಷ್ಯ. ಅಕ್ಕನಾಗವ್ವ ಅವರನ್ನು ಕೊಡ ಇಳಿಸುವಂತೆ ಕಟ್ಟೆಯ ಮೇಲಿಳಿಸಿದರು. ಆಚೆಯ ಹುಡುಗಿಯರು ಪಟ್ಟು ಚೆನ್ನಾಗಿತ್ತೆಂದು ಚಪ್ಪಾಳೆ ತಟ್ಟಿದರು.

"ದಿನಾ ಹಿಂಗ ನಿಂತು ಮನಿಗೆ ಹೋಗ್ತೇನಿ" ಎಂದರು ಅಕ್ಕನಾಗವ್ವ.

ಗೌಡರು ತಲೆಯೆತ್ತಿ ಫ್ಯಾನಿನತ್ತ ನೋಡಿದರು. ಅದು ಯಾವಾಗಲೂ ಇಷ್ಟು ಸದ್ದು ಮಾಡುತ್ತದೆಯೇ ಎಂದು ಕೇಳಿದರು. ಹೌದೆಂದೆ. "ನಾ ಇಲ್ಲಿ ಒಮ್ಮೆನೂ ನಿಂತೇ ಇಲ್ಲ ನೋಡವಾ, ನೀಲಗಂಗಾ" ಎಂದರು.

ಮುಂದಿನ ಮಹಾಸಭೆಯಲ್ಲಿ ಗೊತ್ತುವಳಿ ಮಂಡಿಸಿದವರು ಅವರೇ. ರಸ್ತೆಯ ಎರಡೂ ಬದಿಗೆ ಒಂದೊಂದು ಹಗ್ಗ ಇಳಿಬಿಡುವುದು, ನಡೆಯುವವರು ಜಗ್ಗಿದರೆ ಅವರು ದಾಟುವ ತನಕ ಹಿಂಗಾಳಿ ನಿಲ್ಲುವುದು. ಸಭೆಯಲ್ಲಿ ಹುಯಿಲೆದ್ದಿತು. ಹಗ್ಗವನ್ನು ಆಡು ಜಗ್ಗಿದರೆ ಗತಿಯೇನು ಎಂದು ಒಬ್ಬರು ಕೇಳಿದರು. ಅರ್ಧ ಏರಿನಲ್ಲಿ ಗಾಳಿ ನಿಂತರೆ ತೊಡೆ ನೋಯುತ್ತದೆ ಎಂದು ಹಲವರು ಕೂಗಿದರು.

ಗೌಡರು ಎದ್ದು ನಿಂತರು. "ಈ ಗಾಳಿ ತಂದಾವ ನಾ. ಒಂದೀಟ ನಿಲ್ಸಾಕೂ ನನಗ ಹಕ್ಕೈತಿ. ತೊಡಿ ನೋಯತಾವಂದ್ರ ಅಕ್ಕನಾಗವ್ವನ ಗರಡಿಗೆ ಹೋಗ್ರಿ."

ಜನ ನಕ್ಕರು, ನಕ್ಕವರು ಕೈ ಎತ್ತಿದರು. ಗೊತ್ತುವಳಿ ಕೂದಲೆಳೆಯ ಅಂತರದಲ್ಲಿ ಪಾಸಾಯಿತು.

ಹಗ್ಗ ಕಟ್ಟಿದ ದಿನ ಊರೇ ನೋಡಲು ಬಂದಿತ್ತು. ಅಕ್ಕನಾಗವ್ವ ಜಗ್ಗಿದರು. ಫ್ಯಾನುಗಳು ನಿಟ್ಟುಸಿರು ಬಿಟ್ಟು ನಿಂತವು. ಏರಿನ ತುಂಬ ಸೈಕಲ್ಲುಗಳು ಮೊದಲು ಮೆಲ್ಲಗಾದವು, ಆಮೇಲೆ ಓಲಾಡಿದವು, ಕೊನೆಗೆ ಜನ ಒಬ್ಬೊಬ್ಬರಾಗಿ ಇಳಿದು ಏದುಸಿರು ಬಿಡುತ್ತ ತಳ್ಳತೊಡಗಿದರು. ನಮ್ಮ ಸಂಘದ ಅಷ್ಟೊಂದು ಸದಸ್ಯರು ಒಟ್ಟಿಗೆ ನಡೆದದ್ದನ್ನು ನಾನು ಕಂಡದ್ದು ಅಂದೇ. ಅಕ್ಕನಾಗವ್ವ ಅವಸರ ಮಾಡಲಿಲ್ಲ. ಸೆಟೆದ ಕಾಲನ್ನು ಬೀಸಿ ಬೀಸಿ ಇಡುತ್ತ, ರಸ್ತೆ ತನ್ನ ಅಂಗಳವೋ ಎಂಬಂತೆ ದಾಟಿದರು. ಹುಡುಗಿಯರು ಓಡಿ ಬಂದು ಕಾಲಿಗೆ ಬಿದ್ದರು. ಗೌಡರು ಬೆವರೊರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಈಗ ಗರಡಿ ತುಂಬಿದೆ. ಬಿಟ್ಟುಹೋದ ಹುಡುಗಿಯರು ಮರಳಿದ್ದಾರೆ, ಸಂಜೆ ತೊಡೆ ನೋಯುವ ಸದಸ್ಯರೂ ಹೋಗುತ್ತಾರೆ. ಅಕ್ಕನಾಗವ್ವ ಸಂಘದಲ್ಲಿ ಸೈಕಲ್ ಇಲ್ಲದ ಮೊದಲ ಸದಸ್ಯೆ. ಸಭೆಯಲ್ಲಿ ಅವರು ಗಂಟಲು ಸರಿಮಾಡಿಕೊಂಡರೆ ಗಂಟೆಯ ಸದ್ದಿನ ಎರಡೂ ಉಪಸಮಿತಿಗಳು ಸುಮ್ಮನಾಗುತ್ತವೆ.

ಹಿರಿಯರೇ, ನೀವು ಗೆಲ್ಲುತ್ತೀರಿ. ಅದಕ್ಕಾಗಿಯೇ ಈ ಎಚ್ಚರಿಕೆ. ರಸ್ತೆ ನಿಮ್ಮ ಕೈಗೆ ಬಂದ ದಿನ, ಪೇಡೆ ಹಂಚುವ ಮೊದಲು, ಸೈಕಲ್ಲಿನಿಂದಿಳಿದು ಅದನ್ನು ಒಮ್ಮೆ ನಡೆದು ದಾಟಿ ನೋಡಿ. ಇನ್ನೊಂದು ಮಾತು. ಇಂದು ಹಾರ್ನು ಹೊಡೆದು ನಿಮ್ಮನ್ನು ಬೈದು ಹೋಗುವ ಮೋಟಾರಿನವರ ಮೇಲೆ ಬಹಳ ಸಿಟ್ಟಾಗಬೇಡಿ. ಅವರ ಮರಿಮೊಮ್ಮಕ್ಕಳ ಮೊಮ್ಮಕ್ಕಳೇ ನಮ್ಮ ಕಾಲದ ಸದಸ್ಯರು. ವಾಹನವಷ್ಟೇ ಬದಲಾಗಿದೆ, ಬೈಗುಳಗಳು ಅವೇ.

ನಿಮ್ಮ ವಿಧೇಯಳು,
ನೀಲಗಂಗಾ ಮುಳಗುಂದ