ಕತ್ತಲೂರಿನ ಒಳಮೈ

ಅಮ್ಮನಿಗೆ,

ಊಟ ಮಾಡಿದ್ದೇನೆ, ಆರೋಗ್ಯವೂ ಚೆನ್ನಾಗಿದೆ. ಆ ಎರಡು ಪ್ರಶ್ನೆ ಇನ್ನು ಕೇಳಬೇಡ.

ನಿನ್ನ ಹೊಲಿಗೆ ಅಂಗಡಿ ಬಿಟ್ಟು ನಾನು ವಿಡಿಯೋ ಗೇಮ್ ಕಂಪನಿ ಸೇರಿದಾಗ, "ಆಟ ಆಡೋದೂ ಒಂದು ಕೆಲಸಾನಾ, ಕೆಲಸಗಳ್ಳಿ?" ಅಂದಿದ್ದೆಯಲ್ಲ, ಇವತ್ತು ಆ ಕೆಲಸದಲ್ಲಿ ಗೆದ್ದೆ. ನಮ್ಮ ಆಟದಲ್ಲಿ ಒಂದು ಬೆಳಕಿನ ಊರಿದೆ. ಅಲ್ಲಿನ ಬಾವಿಗೆ ಹಾರಿದರೆ ಅದರದೇ ಪಡಿಯಚ್ಚಿನಂಥ ಕತ್ತಲ ಊರು ಸಿಗುತ್ತದೆ. ಆ ಕತ್ತಲೂರು ಕಟ್ಟುವ ಕೆಲಸ ನನ್ನದು. ಮೊದಲು ಎಲ್ಲದಕ್ಕೂ ಕಪ್ಪು ಬಳಿದು ನಾಲ್ಕು ದೆವ್ವ ನಿಲ್ಲಿಸಿದ್ದೆ. ಬಾಸ್ ನೋಡಿ, "ಇದು ಕರೆಂಟ್ ಹೋದ ಊರು ಕಣಮ್ಮ, ಬೇರೆ ಲೋಕ ಅಲ್ಲ" ಎಂದರು.

ಆಗ ನೆನಪಾಗಿದ್ದು ಐದನೇ ಕ್ಲಾಸಿನ ನನ್ನ ಅಂಗಿ. ಅವಸರದಲ್ಲಿ ನೀನು ಅದರ ಒಂದು ತೋಳನ್ನು ಒಳಮೈ ಹೊರಗಾಗಿ ಹೊಲಿದಿದ್ದೆ. ಇಡೀ ಶಾಲೆ ನಕ್ಕಿತು. ಅಳುತ್ತಾ ಬಂದರೆ ನೀನು ತಪ್ಪು ಒಪ್ಪಿಕೊಳ್ಳದೆ, "ಹೊರಮೈ ಎಲ್ಲರೂ ನೋಡ್ತಾರೆ. ಕೆಲಸ ಇರೋದು ಒಳಗಡೆ" ಅಂದಿದ್ದೆ.

ಕತ್ತಲೂರನ್ನು ಆ ತೋಳಿನಂತೆ ತಿರುಗಿಸಿದೆ. ಈಗ ಅಲ್ಲಿ ಗೋಡೆಗಳ ಹೊಲಿಗೆ ಕಾಣುತ್ತದೆ, ರಸ್ತೆಗಳಿಗೆ ತೇಪೆಯಿದೆ. ಬೆಳಕಿನ ಊರಲ್ಲಿ ನಗುನಗುತ್ತಾ ಓಡಾಡುವವರ ಬೆನ್ನಿಗೆ ಇಲ್ಲಿ ದಾರದ ಗಂಟುಗಳಿವೆ. ಬಿಚ್ಚಿದರೆ ಅವರು ಮುಚ್ಚಿಟ್ಟ ಮಾತು ಹೊರಬೀಳುತ್ತದೆ. ಇವತ್ತು ಆಡಿ ನೋಡಲು ಬಂದ ಹನ್ನೆರಡು ಜನರಲ್ಲಿ, ಊಟಕ್ಕೆ ಕರೆದರೂ ಒಬ್ಬರೂ ಏಳಲಿಲ್ಲ. ಬಾಸ್ ಕುರ್ಚಿ ಬಿಟ್ಟೆದ್ದು ಬಂದು ಕೈಕುಲುಕಿದರು.

ಆಟದ ಕೊನೆಗೆ ಕೆಲಸ ಮಾಡಿದವರ ಹೆಸರು ಬರುತ್ತದೆ. ನನ್ನ ಹೆಸರಿನ ಮೇಲೆ "ದರ್ಜಿ: ಅಮ್ಮ" ಎಂದು ಹಾಕಿಸಿದ್ದೇನೆ.

ಆ ಅಂಗಿ ನಿನ್ನ ಟ್ರಂಕಿನಲ್ಲಿದೆ ಎಂದು ಗೊತ್ತು. ಬಾಸ್‌ಗೆ ಅದನ್ನು ಆಫೀಸಿನ ಗೋಡೆಗೆ ತೂಗುಹಾಕಬೇಕಂತೆ, ಕಳಿಸು. ದಯವಿಟ್ಟು ತೋಳು ಸರಿಮಾಡಿ ಕಳಿಸಬೇಡ.

ನೀನೇ ಹೆಸರಿಟ್ಟ
ಕೆಲಸಗಳ್ಳಿ