ತಾಯಿಮರದ ಹಿಡಿ ಮಣ್ಣು

ಏಪ್ರಿಲ್ 3, ಬೆಳಿಗ್ಗೆ
ನರ್ಸರಿಗೆ ನೀರು ಬಿಟ್ಟೆ. ತಾಯಿಮರದ ಎಲೆಯಂಚಿಗೆ ಯಾರೋ ಗರಗಸ ಹಾಕಿದಂತಿದೆ. ನಾನು ಮಾರುವ ಕಿತ್ತಳೆ ಸಸಿಗಳಿಗೆಲ್ಲ ಕಸಿಕಡ್ಡಿ ಕೊಡುವ ಮರ ಇದು! ಕೊಡೆ ಬಿಚ್ಚಿ, ತಲೆಕೆಳಗಾಗಿ ಹಿಡಿದು, ಕೊಂಬೆ ಅಲುಗಿಸಿದೆ. ಏಳು ಮೂತಿಹುಳ. ಬಿದ್ದದ್ದೇ ಕಾಲು ಮಡಚಿ ಸತ್ತಂತೆ ನಟನೆ. ಈ ಕಲೆ ಪಕ್ಕದ ತೋಟದ ಭಾವನಿಗೂ ಗೊತ್ತು — ಅಕ್ಕ ಕೆಲಸ ಹೇಳಿದಾಗಲೆಲ್ಲ. ಹುಳ ಅಲ್ಲಿಂದಲೇ ಬಂದದ್ದು. ಸಂಶಯವೇ ಇಲ್ಲ.

ಏಪ್ರಿಲ್ 4
ಬೇಲಿಯ ಬಳಿ ನಿಂತು ಕೂಗಾಡಿದೆ.
"ನಿಮ್ಮ ಹುಳಾನ ನಿಮ್ಮ ಮನೇಲೇ ಕಟ್ಟಿ ಹಾಕ್ಕೊಳ್ಳಿ ಭಾವಾ!"
"ಅಲ್ಲಯ್ಯಾ, ನಾನೇನು ಅವಕ್ಕೆ ನಿನ್ನ ಅಡ್ರೆಸ್ ಬರ್ಕೊಟ್ಟಿದ್ನಾ? ನನ್ನ ಗಿಡಾನೂ ಹಳದಿಯಾಗ್ತಿದೆ."
ಕಳ್ಳನಿಗೊಂದು ಪಿಳ್ಳೆನೆವ! ತೋಟಗಾರಿಕೆ ಇಲಾಖೆಗೆ ದೂರು ಬರೆದೆ. ಮೂರು ಪುಟ.

ಏಪ್ರಿಲ್ 11
ಇನ್ಸ್‌ಪೆಕ್ಟರಮ್ಮ ಬಂದರು. ಬೇಲಿಯತ್ತ ತಿರುಗಿಯೂ ನೋಡಲಿಲ್ಲ. ದೂರು ಕೊಟ್ಟವನ ಮರದ ಬುಡವನ್ನೇ ಅಗೆಸಿದರು! ಬೇರಿಗೆ ಸಿಪ್ಪೆಯೇ ಇಲ್ಲ. ಮೂತಿಹುಳದ ಬಿಳಿ, ಕಾಲಿಲ್ಲದ ಮರಿಗಳು ಸುಖವಾಗಿ ಮಲಗಿದ್ದವು.
"ಹೋದ ವರ್ಷದಿಂದ್ಲೇ ಇವೆ. ಆಗ ಹೊರಗಿಂದ ಗಿಡ ಏನಾದ್ರೂ ತಂದಿದ್ರಾ?"
"ಛೆ, ಛೆ!"
"ತಂದ್ರಲ್ಲ," ಎಂದಳು ಹೆಂಡತಿ. "ಆ ಕುಂಡದ ಹೂಗಿಡ. ಕೊಸರು ಅಂತ ಒಂದು ಪುಕ್ಕಟೆ ಕೊಡ್ಲೇಬೇಕು ಅಂತ ಅಂಗಡಿಯವನ ಜತೆ ಜಗಳಾಡಿ ತಂದು, ಈ ಮರದ ಕೆಳಗೇ ನೆಟ್ರಲ್ಲ."
ಹೆಂಡತಿಯರ ನೆನಪಿನ ಶಕ್ತಿಗೂ ಇಲಾಖೆ ಒಂದು ಔಷಧಿ ಕಂಡುಹಿಡಿಯಬೇಕು.

ಏಪ್ರಿಲ್ 12
ನಾಳೆ ತಾಯಿಮರ ಕಡಿದು ಸುಡಬೇಕಂತೆ. ಅಪ್ಪ ನೆಟ್ಟದ್ದು. ಆ ಹೂಗಿಡ ಬಂದ ಮೇಲೆ ಸಸಿ ಕೊಂಡವರ ಪಟ್ಟಿಯೂ ಬೇಕಂತೆ. ಏಕೆಂದರೆ ಅಪ್ಪನ ಕಾಲದಿಂದ ನಮ್ಮದೊಂದು ಪದ್ಧತಿ: ಪ್ರತಿ ಸಸಿಯ ಚೀಲಕ್ಕೂ ತಾಯಿಮರದ ಬುಡದಿಂದ ಒಂದು ಹಿಡಿ ಮಣ್ಣು. ಆಶೀರ್ವಾದ!
ಪಟ್ಟಿಯಲ್ಲಿ ಮೊದಲ ಹೆಸರು ಭಾವನದು. ನಲವತ್ತು ಸಸಿ. ಮೇಲೆ ನಾಲ್ಕು ಕೊಸರು — ಬೇಡ ಬೇಡ ಎಂದರೂ ತುರುಕಿದ್ದೆ. ಅವಕ್ಕೆ ಎರಡೆರಡು ಹಿಡಿ.

ಏಪ್ರಿಲ್ 13, ಬೆಳಿಗ್ಗೆ 7
ಭಾವ ಕೊಡಲಿ ಹಿಡಿದು ಬಂದಿದ್ದಾರೆ. ಮರ ಕಡಿಯಲು, ನನ್ನನ್ನಲ್ಲ. ಕಣ್ಣು ಕೆಂಪಾಗಿದೆ.
"ನೀನು ಹೇಳಿದ್ದೇ ನಿಜ ಕಣಯ್ಯಾ. ನಿನ್ನೆ ನನ್ನ ತೋಟ ಅಗೆಸಿದೆ. ಬರೀ ಹುಳ. ನನ್ನಿಂದ ಮಾವನ ಮರ ಹೋಯ್ತು. ತಪ್ಪಾಯ್ತು."
ಎಂಥ ಅನ್ಯಾಯ! ಬೈಯಬೇಕಾದವನು ಕ್ಷಮೆ ಕೇಳಿದರೆ ಎದುರು ನಿಂತವನು ಏನು ಮಾಡಬೇಕು? ಕೈಗವಸು ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಪಟ್ಟಿ ಜೇಬಿನಲ್ಲಿದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಹೊರಗೆ ಮೊದಲ ಏಟು ಕೇಳಿಸಿತು.
ಹೋಗುತ್ತೇನೆ. ಹೇಳುತ್ತೇನೆ. ಭಾವಾ, ಆ ನಾಲ್ಕು ಕೊಸರು—